ಮೊದಲಕ್ಷರಗಳ ಮಾತು

ಸಂಜೆಯ ಪ್ರದೇಶ ಸಮಾಚಾರವನ್ನು ತಾವು ಮನೆಮಂದಿಯೊಡನೆ ಕುಳಿತು ಕೇಳುತ್ತೀರಷ್ಟೆ. ಒಂದು ದಿನ ಕಾಗದ ಪೆನ್ಸಿಲು ಹಿಡಿದು ಕುಳಿತು, ಅದರಲ್ಲಿ ಎಷ್ಟು ಹೆಸರುಗಳು ತಮ್ಮ ಪೂರ್ಣರೂಪವನ್ನು ಬಿಟ್ಟು ಬರಿಯ ಮೊದಲಕ್ಷರಗಳಾಗಿ ಕಿವಿಗೆ ಬೀಳುತ್ತವೆ ಎಂದು ಗೆರೆ ಎಳೆದು ಲೆಕ್ಕವಿಟ್ಟು ನೋಡಿ. ನಾನು ಹಾಗೆ ಮಾಡಿದ ದಿನ ಕಾಗದದ ಒಂದು ಮಗ್ಗುಲು ತುಂಬಿತು. ನಮ್ಮ ತಾಯಿಯವರು ಪಕ್ಕದಲ್ಲಿಯೇ ಹೂ ಕಟ್ಟುತ್ತ ಕುಳಿತಿದ್ದವರು, "ಅದೇನೋ ಇಸ್ರೋ ಇಸ್ರೋ ಅಂತ ದಿನಾ ಹೇಳ್ತಾರಲ್ಲ, ಯಾರೋ ಅವನು? ಭಾಳ ದೊಡ್ಡ ಮನುಷ್ಯನೇ ಇರಬೇಕು" ಎಂದರು. ನಾನು ನಕ್ಕೆ; ಆಮೇಲೆ ಯೋಚಿಸಿದಾಗ ಅವರ ಪ್ರಶ್ನೆಯಲ್ಲಿ ತಪ್ಪೇನೂ ಇಲ್ಲವೆನಿಸಿತು. ಎಲ್ಲೈಸಿ ಎಂಬುದನ್ನು ಅವರು ಯಾವ ಕಾಲಕ್ಕೂ ಮನುಷ್ಯನೆಂದುಕೊಂಡವರಲ್ಲ. ಇಸ್ರೊ ಮಾತ್ರ ಅವರಿಗೆ ವ್ಯಕ್ತಿಯ ಹೆಸರಿನಂತೆ ಕೇಳಿಸಿತು. ಏಕೆಂದರೆ ಒಂದು ಅಕ್ಷರಗಳ ಸಾಲು, ಇನ್ನೊಂದು ಪದ. ಈ ಎರಡಕ್ಕೂ ಇರುವ ಅಂತರವನ್ನು ಕುರಿತೇ ತಮ್ಮೊಡನೆ ನಾಲ್ಕು ಮಾತನಾಡಬೇಕೆಂದಿದ್ದೇನೆ.

ಉದಾಹರಣೆಗೆ ದೂರ ಹೋಗಬೇಕಾಗಿಲ್ಲ. ನಮ್ಮ ಗೌರಿಬಿದನೂರಿನಲ್ಲಿಯೇ ಇವೆ. ನಮ್ಮೂರಿನ ಬಳಿ ಭೂಕಂಪಗಳನ್ನೂ, ದೂರದೇಶಗಳಲ್ಲಿ ನೆಲದಡಿಯಲ್ಲಿ ಸಿಡಿಸುವ ಅಣ್ವಸ್ತ್ರಗಳ ಅದುರನ್ನೂ ಹಿಡಿದು ಗುರುತಿಸುವ ಉಪಕರಣಗಳ ಸಾಲೊಂದನ್ನು 1965ರಲ್ಲಿ ಹೂಡಿದರು. ಅದನ್ನು ನಡೆಸುವ ಸಂಸ್ಥೆಗೆ ಆಗ ಅಟಾಮಿಕ್ ಎನರ್ಜಿ ಎಸ್ಟಾಬ್ಲಿಷ್‌ಮೆಂಟ್, ಟ್ರಾಂಬೆ ಎಂದು ಹೆಸರು. ಮೊದಲಕ್ಷರಗಳನ್ನು ಜೋಡಿಸಿದರೆ ಎ.ಇ.ಇ.ಟಿ. ಒಂದೊಂದನ್ನೂ ಬಿಡಿಬಿಡಿಯಾಗಿ ಹೇಳದೆ ಬೇರೆ ಗತಿಯಿಲ್ಲ. ಹೇಳಿದರೂ ಬಾಯಿಗೆ ಹಿತವಿಲ್ಲ. ಡಾ. ಹೋಮಿ ಭಾಭಾ ಅವರು 1966ರಲ್ಲಿ ವಿಮಾನಾಪಘಾತದಲ್ಲಿ ತೀರಿಕೊಂಡ ಮೇಲೆ, 1967ರಲ್ಲಿ ಆ ಸಂಸ್ಥೆಗೆ ಭಾಭಾ ಅಟಾಮಿಕ್ ರಿಸರ್ಚ್ ಸೆಂಟರ್ ಎಂದು ಹೆಸರಾಯಿತು. ಆಗ ಬಂದ ಬಿ, ಎ, ಆರ್, ಸಿ ಎಂಬ ನಾಲ್ಕಕ್ಷರಗಳು ನಡುವೆ ಒಂದು ಸ್ವರವನ್ನು ಪಡೆದುಕೊಂಡುದರಿಂದ ತಾವೇ ಕೂಡಿಕೊಂಡು 'ಬಾರ್ಕ್' ಎಂಬ ಪದವಾದವು. ಇಂಗ್ಲಿಷಿನಲ್ಲಿ ಅದಕ್ಕೆ ಮರದ ತೊಗಟೆ ಎಂದೂ ನಾಯಿಯ ಬೊಗಳು ಎಂದೂ ಅರ್ಥವಿದೆಯೆಂಬುದನ್ನು ಯಾರೂ ಲೆಕ್ಕಕ್ಕಿಟ್ಟುಕೊಳ್ಳಲಿಲ್ಲ.

ಹಾಗೆಯೇ 1976ರಿಂದ ನಮ್ಮಲ್ಲಿ ಆಕಾಶದಿಂದ ಬರುವ ರೇಡಿಯೋ ಅಲೆಗಳನ್ನು ಕೇಳುವ ಒಂದು ವೀಕ್ಷಣಾಲಯವಿದೆ. ಅದು ರಾಮನ್ ಸಂಶೋಧನಾ ಸಂಸ್ಥೆ ಮತ್ತು ಭಾರತೀಯ ಖಭೌತ ಸಂಸ್ಥೆ ಇವೆರಡರ ಕೂಡುಕೆಲಸ. ಮೊದಲನೆಯದು ಆರ್.ಆರ್.ಐ., ಎರಡನೆಯದು ಐ.ಐ.ಎ. ಇವು ಪದಗಳಾಗಲಾರವು; ಒಂದರಲ್ಲಿ ಎರಡು ರಕಾರ ಎದುರುಬದುರು ಕುಳಿತಿವೆ, ಇನ್ನೊಂದರಲ್ಲಿ ಹಿಡಿದುಕೊಳ್ಳಲು ಒಂದು ವ್ಯಂಜನವೂ ಇಲ್ಲ. ಆದರೆ ಇದೇ ಜನ ತಮ್ಮ ದೂರದರ್ಶಕಕ್ಕೆ ಇಟ್ಟ ಹೆಸರು ನೋಡಿ. ಸಾವಿರ ಲೋಹದ ಕೋಲುಜೋಡಿಗಳನ್ನು ಇಂಗ್ಲಿಷಿನ ಟಿ ಅಕ್ಷರದ ಆಕಾರದಲ್ಲಿ, ಪೂರ್ವಪಶ್ಚಿಮವಾಗಿ 1.4 ಕಿಲೋಮೀಟರು ಉದ್ದಕ್ಕೆ ನೆಟ್ಟಿದ್ದಾರೆ. ಅದಕ್ಕೆ ಗೌರಿಬಿದನೂರಿನ ಜಿ, ಟೆಲಿಸ್ಕೋಪಿನ ಟಿ. ಈ ಎರಡಕ್ಷರಗಳನ್ನು ಹೇಗೆ ಹೇಳುತ್ತೇವೋ ಹಾಗೆಯೇ ಇಂಗ್ಲಿಷಿನಲ್ಲಿ ಬಿಡಿಸಿ ಬರೆದು 'ಜೀಟೀ' ಎಂಬ ಹೊಸ ಪದವನ್ನೇ ಮಾಡಿಬಿಟ್ಟರು. ಅಕ್ಷರಗಳ ಉಚ್ಚಾರಣೆಯೇ ಮತ್ತೆ ಕಾಗುಣಿತವಾಗಿ ಬಂದ ಇಂಥ ಉದಾಹರಣೆ ಅಪರೂಪ. ಇಂಗ್ಲಿಷಿನಲ್ಲಿ ಬರೆದುದನ್ನು ಕಂಡು 'ಗೀಟಿ' ಎಂದು ಓದುವವರುಂಟು. ಗೌರಿಯ ಗಕಾರವನ್ನು ಅವರು ಅರಿಯದೆಯೇ ಊರಿಗೆ ಹಿಂತಿರುಗಿಸಿದಂತಾಯಿತು. 1997ರಲ್ಲಿ ಅಲ್ಲಿಯೇ ಸೂರ್ಯನನ್ನು ನೋಡಲೆಂದು ಕೂಡಿಸಿದ ಇನ್ನೊಂದು ಯಂತ್ರಕ್ಕೆ 'ಗ್ರಾಫ್' ಎಂದು ಹೆಸರು. ಗೌರಿಬಿದನೂರು ರೇಡಿಯೋಹೀಲಿಯೋಗ್ರಾಫ್ ಎಂಬ ಉದ್ದನೆಯ ಮಾತಿನ ಅಲ್ಲಲ್ಲಿ ಅಕ್ಷರ ಹೆಕ್ಕಿ, ಪದವೊಂದು ಮೂಡುವ ಹಾಗೆ ಹೊಂದಿಸಿಕೊಂಡದ್ದು ಅದು. ಮೊದಲು ಪದವನ್ನು ಬಯಸಿ, ಆಮೇಲೆ ಅಕ್ಷರಗಳನ್ನು ಹುಡುಕುವ ಈ ಚಾಳಿ ಈಚೆಗೆ ಸರ್ಕಾರದ ಯೋಜನೆಗಳಲ್ಲಿಯೂ ಹೆಚ್ಚಾಗಿದೆ.

ಬಾನುಲಿಯ ಮನೆಯಲ್ಲಿಯೂ ಇಂಥದೊಂದು ನಡೆದಿದೆ. ಇಂಡಿಯನ್ ಸ್ಟೇಟ್ ಬ್ರಾಡ್‌ಕಾಸ್ಟಿಂಗ್ ಸರ್ವೀಸ್ ಎಂಬ ಹೆಸರಿನ ಐ.ಎಸ್.ಬಿ.ಎಸ್. ಎಂಬ ಮುಳ್ಳುಕಂಟಿಯನ್ನು 1936ರ ಜೂನ್ ತಿಂಗಳಿನಲ್ಲಿ ಬಿಟ್ಟು ಆಲ್ ಇಂಡಿಯಾ ರೇಡಿಯೋ ಎಂದು ಮಾಡಿಕೊಂಡರು. ಮೂರಕ್ಷರ ಕೂಡಿದರೆ ಗಾಳಿ ಎಂಬ ಅರ್ಥದ ಇಂಗ್ಲಿಷ್ ಪದ. ಆದರೆ ಅದಕ್ಕೆ ಒಂದು ವರ್ಷ ಮೊದಲೇ, 1935ರಲ್ಲಿ, ಮೈಸೂರಿನಲ್ಲಿ ಪ್ರೊ. ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲಿ ಆರಂಭಿಸಿದ ನಿಲಯಕ್ಕೆ 'ಆಕಾಶವಾಣಿ' ಎಂಬ ಹೆಸರು ಬಂದಿತ್ತು. ಅದರ ಮೊದಲಕ್ಷರಗಳನ್ನು ಹೆಕ್ಕಿ ಗಿಡ್ಡ ಮಾಡಬೇಕೆಂದು ಇಂದಿನವರೆಗೆ ಯಾರಿಗೂ ತೋರಿಲ್ಲ. ಒಳ್ಳೆಯ ಹೆಸರಿಗೆ ಸಂಕ್ಷೇಪ ಬೇಕಾಗುವುದಿಲ್ಲ ಎಂಬುದು ನನ್ನ ಎಣಿಕೆ. ಹೆಸರಿಡುವಾಗಲೇ ಸೋಮಾರಿತನ ಮಾಡಿದ ಕಡೆ ಅದು ಬೇಕಾಗುತ್ತದೆ.

ಇನ್ನು ಕನ್ನಡದ ಮಾತಿಗೆ ಬರೋಣ. ಇಂಗ್ಲಿಷಿನಲ್ಲಿ ಮೊದಲಕ್ಷರಗಳನ್ನು ಹೆಕ್ಕಿದರೆ ಅವು ಪದವಾಗುತ್ತವೆಯೋ ಇಲ್ಲವೋ ಎಂಬುದು ಅದೃಷ್ಟದ ಮಾತು. ನಡುವೆ ಸ್ವರ ಸಿಕ್ಕರೆ ಉಂಟು, ಇಲ್ಲವಾದರೆ ಇಲ್ಲ. ಕನ್ನಡದಲ್ಲಿ ಹಾಗಲ್ಲ. ನಮ್ಮ ಅಕ್ಷರವೆಂದರೆ ವ್ಯಂಜನ ಮಾತ್ರವಲ್ಲ. ತನ್ನ ಸ್ವರವನ್ನು ತಾನೇ ಹೊತ್ತುಕೊಂಡು ಬರುವ ಗುಣಿತಾಕ್ಷರ. ಆದ್ದರಿಂದ ಯಾವ ಹೆಸರಿನ ಮೊದಲಕ್ಷರಗಳನ್ನು ಸಾಲಾಗಿಟ್ಟರೂ ಅದು ನಾಲಗೆಯ ಮೇಲೆ ಹರಿಯುತ್ತದೆ. 1915ರಲ್ಲಿ ಹುಟ್ಟಿದ ನಮ್ಮ ಸಾಹಿತ್ಯ ಪರಿಷತ್ತು ಇಂದು 'ಕಸಾಪ' ಆಗಿದೆ. ಇದನ್ನು ಕ, ಸಾ, ಪ ಎಂದು ನಿಲ್ಲಿಸಿ ನಿಲ್ಲಿಸಿ ಹೇಳುವವರನ್ನು ನಾನು ಕಂಡಿಲ್ಲ. ಅಷ್ಟೇ ಅಲ್ಲ, ಅದು ಅಕಾರಾಂತ ನಪುಂಸಕ ನಾಮಪದದ ಹಾಗೆ ವಿಭಕ್ತಿಯನ್ನೂ ಹಚ್ಚಿಕೊಳ್ಳುತ್ತದೆ: ಕಸಾಪವನ್ನು, ಕಸಾಪಕ್ಕೆ, ಕಸಾಪದ. ಮರ ಎಂಬ ಶಬ್ದಕ್ಕೂ ಇದಕ್ಕೂ ವ್ಯಾಕರಣದಲ್ಲಿ ಭೇದವೇ ಇಲ್ಲ.

ಇದು ಹೊಸದೆಂದು ತಿಳಿಯಬೇಡಿ. ಬೆಳಗಿನ ಸಂಗೀತಪಾಠದಲ್ಲಿ ಮಕ್ಕಳು ಹಾಡುವುದೇನು? ಷಡ್ಜ, ರಿಷಭ, ಗಾಂಧಾರ, ಮಧ್ಯಮ, ಪಂಚಮ, ಧೈವತ, ನಿಷಾದ ಎಂಬ ಏಳು ಹೆಸರುಗಳ ಮೊದಲಕ್ಷರಗಳನ್ನು! ಸರಿಗಮಪದನಿ ಎನ್ನುವಾಗ ಅದು ಸಂಕ್ಷೇಪವೆಂಬುದೇ ನಮಗೆ ಮರೆತಿರುತ್ತದೆ. ಷಡ್ಜದ ಷಕಾರ ಹಾಡುವ ಬಾಯಲ್ಲಿ ಸಕಾರವಾಯಿತು, ಧೈವತದ ಮಹಾಪ್ರಾಣ ದಕಾರವಾಯಿತು. ನೂರಾರು ವರ್ಷ ನಾಲಗೆಯ ಮೇಲೆ ಉರುಳಿದ ಸಂಕ್ಷೇಪ ನುಣುಪಾಗುವ ಬಗೆ ಇದು. ಸಂಸ್ಕೃತ ವ್ಯಾಕರಣ ಓದಿದವರಿಗೆ ಪಾಣಿನಿಯ ಪ್ರತ್ಯಾಹಾರಗಳೂ ನೆನಪಾಗಬಹುದು. ಹದಿನಾಲ್ಕು ಸೂತ್ರಗಳ ಆದಿಯ ಒಂದು ಅಕ್ಷರವನ್ನೂ ಅಂತ್ಯದ ಒಂದು ಗುರುತನ್ನೂ ಹಿಡಿದು, ಎಲ್ಲ ಸ್ವರಗಳಿಗೂ 'ಅಚ್' ಎಂಬ ಒಂದೇ ಮಾತು, ಎಲ್ಲ ವ್ಯಂಜನಗಳಿಗೂ 'ಹಲ್' ಎಂಬ ಒಂದೇ ಮಾತು ಮಾಡಿದ ಜಾಣ್ಮೆ ಅದು. ಅಲ್ಲಿ ಮೊದಲಕ್ಷರ ಮಾತ್ರವಲ್ಲ, ಕೊನೆಯದೂ ಕೆಲಸ ಮಾಡುತ್ತದೆ.

ಕನ್ನಡದ ಸಾಹಿತಿಗಳ ಹೆಸರುಗಳಲ್ಲಿ ಈ ಕಲೆ ಚೆನ್ನಾಗಿ ಬೆಳೆಯಿತು. ಅರಕಲಗೂಡು ನರಸಿಂಗರಾವ್ ಕೃಷ್ಣರಾವ್ ಅವರು ಅನಕೃ. ತಳುಕಿನ ರಾಮಸ್ವಾಮಯ್ಯ ಸುಬ್ಬರಾವ್ ಅವರು ತರಾಸು. ಪುರೋಹಿತ ತಿರುನಾರಾಯಣ ನರಸಿಂಹಾಚಾರ್ಯರು ಪುತಿನ. ಕುಪ್ಪಳಿ ವೆಂಕಟಪ್ಪ ಪುಟ್ಟಪ್ಪನವರು ಕುವೆಂಪು. ತೀರ್ಥಪುರ ನಂಜುಂಡಯ್ಯ ಶ್ರೀಕಂಠಯ್ಯನವರ 'ತೀನಂಶ್ರೀ' ಎಂಬುದನ್ನು ನಾನು ತರಗತಿಯಲ್ಲಿ ಕರಿಹಲಗೆಯ ಮೇಲೆ ಬರೆದು ಮಕ್ಕಳನ್ನು ಕೇಳುತ್ತೇನೆ: ನಂಜುಂಡಯ್ಯ ಎಂಬಲ್ಲಿ ಮೊದಲಕ್ಷರ 'ನ'ವೋ 'ನಂ' ಎಂಬುದೋ? ಸೊನ್ನೆ ಹಿಂದಿನ ಅಕ್ಷರಕ್ಕೆ ಅಂಟಿದ್ದು, ಆದ್ದರಿಂದ ನಂ. ಹಾಗಾದರೆ ತೀರ್ಥದಲ್ಲಿ? ಕಿವಿಗೆ ಕೇಳುವುದು 'ತೀರ್' ಎಂದು. ಆದರೆ ಬರೆಯುವಾಗ ಆ ರಕಾರ ಅರ್ಕಾವತ್ತಾಗಿ ಮುಂದಿನ ಥಕಾರಕ್ಕೆ ಹೋಗಿ ಸೇರುತ್ತದೆ, ಆದ್ದರಿಂದ ತೀ ಮಾತ್ರ. ಹೆಸರನ್ನು ಹೆಕ್ಕಿದ್ದು ಕಣ್ಣು, ಕಿವಿಯಲ್ಲ. ಇಷ್ಟು ಹೇಳುವುದರೊಳಗೆ ಅರ್ಧ ಗಂಟೆ ಕಳೆದಿರುತ್ತದೆ, ಪಾಠ ಹಿಂದೆ ಬಿದ್ದಿರುತ್ತದೆ; ಆದರೆ ಅಕ್ಷರವೆಂದರೇನು ಎಂಬುದು ಆ ಮಕ್ಕಳಿಗೆ ಆಮೇಲೆ ಮರೆಯುವುದಿಲ್ಲ.

ಉತ್ತರದ ಪದ್ಧತಿ ಕೊಂಚ ಬೇರೆ. ದತ್ತಾತ್ರೇಯ ರಾಮಚಂದ್ರ ಬೇಂದ್ರೆಯವರು ದ.ರಾ. ಬೇಂದ್ರೆ, ಫಕೀರಪ್ಪ ಗುರುಬಸಪ್ಪ ಹಳಕಟ್ಟಿಯವರು ಫ.ಗು. ಹಳಕಟ್ಟಿ. ಅಲ್ಲಿ ಮೊದಲ ಅಕ್ಷರವೇ ವ್ಯಕ್ತಿಯ ಸ್ವಂತ ಹೆಸರು, ಎರಡನೆಯದು ತಂದೆಯದು, ಪೂರ್ತಿಯಾಗಿ ಉಳಿಯುವುದು ಮನೆತನದ ಹೆಸರು. ನಮ್ಮ ಕಡೆ ಊರು ಮೊದಲು, ತಂದೆ ಆಮೇಲೆ, ಸ್ವಂತ ಹೆಸರು ಕೊನೆಗೆ. ಆ ಕಡೆಯವರಿಗೆ ನಮ್ಮ ಕಡೆಯ ದಾಖಲೆ ಬರೆಯುವವರು, ನಮ್ಮವರಿಗೆ ಆ ಕಡೆಯವರು, ಯಾವುದು ಹೆಸರು ಯಾವುದು ಅಡ್ಡಹೆಸರು ಎಂದು ತಿಳಿಯದೆ ಕೊಡುವ ತೊಂದರೆ ಅಷ್ಟಿಷ್ಟಲ್ಲ.

ಆದರೆ ಹಳೆಯ ಮೈಸೂರಿನ ಎಷ್ಟೋ ಹೆಸರುಗಳು ಇಂಗ್ಲಿಷಿನ ಬಾಗಿಲಲ್ಲಿ ಹೊಕ್ಕು ಬಂದವು. ನಮ್ಮ ಹಿಂದಿನ ಕೋಲಾರ ಜಿಲ್ಲೆಯ ಮುಳಬಾಗಿಲಿನಲ್ಲಿ 1887ರಲ್ಲಿ ಹುಟ್ಟಿದ ದೇವನಹಳ್ಳಿ ವೆಂಕಟರಮಣಯ್ಯ ಗುಂಡಪ್ಪನವರು ಕನ್ನಡದ ಲೆಕ್ಕದಲ್ಲಿ 'ದೇವೆಂಗುಂ' ಆಗಬೇಕಿತ್ತು. ಆದದ್ದು ಡಿ.ವಿ.ಜಿ. ದೇವನಹಳ್ಳಿಯ ದಕಾರ ಇಂಗ್ಲಿಷಿಗೆ ಹೋಗಿ ಡಕಾರವಾಗಿ ಹಿಂತಿರುಗಿತು, ಗುಂಡಪ್ಪನವರ ಗಕಾರ ಜಕಾರವಾಯಿತು. ಬಿ.ಎಂ.ಶ್ರೀ. ಎಂಬುದು ಇನ್ನೂ ಸ್ವಾರಸ್ಯ: ಬೆಳ್ಳೂರು, ಮೈಲಾರಯ್ಯ ಎಂಬೆರಡು ಇಂಗ್ಲಿಷಿನ ಅಕ್ಷರಗಳಾಗಿ ನಿಂತಿವೆ, ಶ್ರೀಕಂಠಯ್ಯನವರ ಶ್ರೀ ಮಾತ್ರ ಕನ್ನಡದಲ್ಲಿಯೇ ಉಳಿದಿದೆ. ಇಂಗ್ಲಿಷ್ ಮತ್ತು ಕನ್ನಡ ಎರಡನ್ನೂ ಕೂಡಿಸಿ ದುಡಿದ ಆ ಮಹನೀಯರಿಗೆ ಅರ್ಧ ಅರ್ಧ ಹೆಸರು ಒಪ್ಪುವಂತೆಯೇ ಇದೆ.

ನಮ್ಮ ತಾಲ್ಲೂಕಿನವರೇ ಆದ ಡಾ. ಎಚ್. ನರಸಿಂಹಯ್ಯನವರ ಮಾತನ್ನು ಇಲ್ಲಿ ಹೇಳಬೇಕು. 1920ರಲ್ಲಿ ಹೊಸೂರಿನಲ್ಲಿ ಬಡ ಮನೆಯೊಂದರಲ್ಲಿ ಹುಟ್ಟಿ, ಬೆಂಗಳೂರಿನ ನ್ಯಾಷನಲ್ ಕಾಲೇಜನ್ನು ಬೆಳಸಿ, ಬೆಂಗಳೂರು ವಿಶ್ವವಿದ್ಯಾನಿಲಯದ ಉಪಕುಲಪತಿಗಳಾಗಿ, 2005ರಲ್ಲಿ ತೀರಿಕೊಂಡವರು ಅವರು. ಅವರನ್ನು ಪೂರ್ತಿ ಹೆಸರಿನಿಂದ ಕರೆದವರು ಕಡಿಮೆ. ಎಲ್ಲರಿಗೂ ಅವರು 'ಎಚ್ಚೆನ್'. ಮೊದಲ ಅಕ್ಷರ ಹೊಸೂರು, ಎರಡನೆಯದು ನರಸಿಂಹಯ್ಯ. ನಮ್ಮ ಹಳ್ಳಿಯ ಹೊಕಾರ ಎಚ್ ಆಯಿತೆಂದು ವ್ಯಥೆ ಪಡುವ ಮೊದಲು, ಎಚ್ ಎನ್ ಎಂಬೆರಡು ಪರಭಾಷೆಯ ಅಕ್ಷರಗಳನ್ನು ಕನ್ನಡದ ನಾಲಗೆ ಹೇಗೆ ಎಚ್ಚೆನ್ ಎಂಬ ಒಂದೇ ಮಾತನ್ನಾಗಿ ಬೆಸೆಯಿತು ಎಂಬುದನ್ನು ನೋಡಬೇಕು. ಬೋರ್ಡುಗಳಲ್ಲಿ ಕೆಲವರು 'ಹೆಚ್' ಎಂದು ಬರೆಯುತ್ತಾರೆ. ಹಕಾರವನ್ನು ಸೂಚಿಸುವ ಅಕ್ಷರದ ಹೆಸರೂ ಹಕಾರದಿಂದಲೇ ತೊಡಗಬೇಕೆಂಬುದು ಅವರ ನ್ಯಾಯ. ಐರ್ಲೆಂಡಿನಲ್ಲಿಯೂ ಹಾಗೆ ಹೇಳುವವರುಂಟು, ಆದ್ದರಿಂದ ಅವರನ್ನು ಹಳಿಯಲಾರೆ; ಆದರೆ ಆ ಅಕ್ಷರದ ಹೆಸರು ಇಂಗ್ಲಿಷಿನ ಶಿಷ್ಟರೂಢಿಯಲ್ಲಿ ಸ್ವರದಿಂದಲೇ ತೊಡಗುವುದರಿಂದ ನಾನು ಎಚ್ ಎಂದೇ ಬರೆಯಿಸುತ್ತೇನೆ.

ಈ ಬೆಸುಗೆಯ ನಿಯಮ ತಿಳಿದರೆ ತಮಗೂ ಸಂತೋಷವಾದೀತು. ಕಲ್ ಎಂಬುದರ ಮುಂದೆ ಇಂದ ಬಂದರೆ ಕಲ್ಲಿಂದ. ಆದರೆ ಕಾಲ್ ಎಂಬುದರ ಮುಂದೆ ಬಂದರೆ ಕಾಲಿಂದ. ಒಂದೇ ಹ್ರಸ್ವಸ್ವರವುಳ್ಳ ಮಾತಿನ ಕೊನೆಯ ವ್ಯಂಜನವು ಸ್ವರ ಪರವಾದಾಗ ಇಮ್ಮಡಿಸುತ್ತದೆ, ದೀರ್ಘವಿದ್ದರೆ ಇಲ್ಲ. ನಮ್ಮ ಹಳ್ಳಿಯವರು ಶಾಲೆಯ ಮೆಟ್ಟಿಲು ಹತ್ತದಿದ್ದರೂ ಈ ನಿಯಮವನ್ನು ಇಂಗ್ಲಿಷ್ ಅಕ್ಷರಗಳಿಗೂ ತಪ್ಪದೆ ಹಚ್ಚುತ್ತಾರೆ. ಪೊಲೀಸ್ ಠಾಣೆಯ ಎಸ್.ಐ. ಅವರ ಬಾಯಲ್ಲಿ 'ಎಸ್ಸೈ'. ಕಂದಾಯ ಇಲಾಖೆಯ ಆರ್.ಐ. 'ಆರೈ'. ಎಸ್ ಹ್ರಸ್ವ, ಆದ್ದರಿಂದ ಸಕಾರ ಇಮ್ಮಡಿಸಿತು. ಆರ್ ದೀರ್ಘ, ಆದ್ದರಿಂದ ರಕಾರ ಒಂಟಿಯಾಗಿ ಉಳಿಯಿತು. ಕೇಶಿರಾಜನು ಕೇಳಿದ್ದರೆ ತಲೆದೂಗುತ್ತಿದ್ದನು.

ಸ್ವರದ ಮುಂದೆ ಸ್ವರ ಬಂದಾಗ ನಡುವೆ ಯಕಾರವೋ ವಕಾರವೋ ಬಂದು ನಿಲ್ಲುವುದೂ ಹೀಗೆಯೇ. ಬಿ.ಎ.ಯು ಬೀಯೆ ಆಗುತ್ತದೆ, ಯು.ಆರ್. ಯೂವಾರ್ ಆಗುತ್ತದೆ. ಮನೆ ಅಲ್ಲಿ ಮನೆಯಲ್ಲಿ ಆದಂತೆ, ಗುರು ಅನ್ನು ಗುರುವನ್ನು ಆದಂತೆ. ಎಂ.ಎ. ಓದಿದವರು ಮಾತ್ರ ಈ ನಿಯಮದಿಂದ ಕೊಂಚ ನಷ್ಟ ಅನುಭವಿಸಿದ್ದಾರೆ. ಮಕಾರ ಇಮ್ಮಡಿಸಿ ಅದು 'ಎಮ್ಮೆ' ಆಗುವುದರಿಂದ, ಮಗ ಎಮ್ಮೆ ಮಾಡಿದ್ದಾನೆಂದು ಹೆಮ್ಮೆಯಿಂದ ಹೇಳಿದ ತಂದೆಯನ್ನು 'ಎಷ್ಟು ಲೀಟರು ಹಾಲು?' ಎಂದು ಕೇಳುವ ಹಳೆಯ ನಗೆ ಇನ್ನೂ ಸತ್ತಿಲ್ಲ. ಇನ್ನು ಎಸ್.ಎಸ್.ಎಲ್.ಸಿ.! ಎಸ್ಸೆಸ್ಸೆಲ್ಸಿ ಎಂದು ಒಂದೇ ಉಸುರಿಗೆ ಹೇಳುವ ಈ ಮಾತನ್ನು ಪ್ರಸ್ತಾರ ಹಾಕಿ ನೋಡಿದರೆ ಮೂರು ಗುರು, ಒಂದು ಲಘು, ಒಟ್ಟು ಏಳು ಮಾತ್ರೆ. ಪರೀಕ್ಷೆಗೆ ಕುಳಿತ ಹುಡುಗರಿಗೆ ಗುರುಗಳು ಮೂವರಿದ್ದರೂ ಸಾಲದು ಎಂದು ನಾನು ಪ್ರತಿವರ್ಷವೂ ಹೇಳುವುದುಂಟು, ಅವರು ಪ್ರತಿವರ್ಷವೂ ನಗುವುದುಂಟು.

ಇನ್ನೊಂದು ಗಮನಿಸಬೇಕಾದ ಸಂಗತಿ ದೀರ್ಘದ್ದು. ಇಂಗ್ಲಿಷರು ಟಿ.ವಿ. ಎನ್ನುವಾಗ ಎರಡನೆಯ ಅಕ್ಷರವನ್ನು ಒತ್ತಿ ಎಳೆಯುತ್ತಾರೆ. ನಾವು ಟೀವಿ, ಡೀಸಿ, ಟೀಸಿ ಎಂದು ಮೊದಲನೆಯದನ್ನು ಎಳೆದು ಕೊನೆಯದನ್ನು ಮೊಟಕು ಮಾಡುತ್ತೇವೆ. ನಾಯಿ, ಗಾಡಿ, ರಾಗಿ ಎನ್ನುವ ಧಾಟಿಯಲ್ಲಿಯೇ. ಇದನ್ನು ತಪ್ಪು ಉಚ್ಚಾರಣೆಯೆಂದು ತಿದ್ದುವ ಮಾಸ್ತರರನ್ನು ನಾನು ಒಪ್ಪುವುದಿಲ್ಲ. ಮನೆಗೆ ಬಂದ ಅತಿಥಿ ಮನೆಯ ಎಲೆಯಲ್ಲಿಯೇ ಉಣ್ಣಬೇಕು.

ಆದರೆ ಎಲ್ಲ ಸಂಕ್ಷೇಪಗಳೂ ನುಡಿಯಲೆಂದು ಹುಟ್ಟಿದವಲ್ಲ. ಕಿ.ಮೀ., ರೂ., ಕ್ರಿ.ಶ., ಉದಾ. ಇವು ಕಣ್ಣಿಗಾಗಿ ಮಾಡಿದವು. ಓದುವಾಗ ಕಿಲೋಮೀಟರು, ರೂಪಾಯಿ, ಕ್ರಿಸ್ತಶಕ, ಉದಾಹರಣೆಗೆ ಎಂದೇ ಬಿಡಿಸಬೇಕು. ಮದುವೆಯ ಲಗ್ನಪತ್ರಿಕೆಯಲ್ಲಿ ಎರಡು ಗೆರೆ ಎಳೆದು ಚಿ॥ ಎಂದೂ ಚಿ॥ ಕುಂ॥ ಸೌ॥ ಎಂದೂ ಹಾಕುತ್ತಾರಲ್ಲ, ಅದೂ ಈ ಜಾತಿಯದೇ. ಚಿರಂಜೀವಿ, ಕುಂಕುಮ, ಸೌಭಾಗ್ಯವತಿ ಎಂಬ ಮೂರು ಹಾರೈಕೆಗಳು ಅಲ್ಲಿ ಮುದುರಿ ಕುಳಿತಿವೆ. ಎಂಟನೆಯ ತರಗತಿಯ ಹುಡುಗನೊಬ್ಬನಿಂದ ತನ್ನ ಅಕ್ಕನ ಲಗ್ನಪತ್ರಿಕೆಯನ್ನು ಓದಿಸಿದೆ. ಅವನು ವಧುವಿನ ಹೆಸರಿಗೆ ಹಿಂದೆ 'ಚಿಕುಂಸೌ' ಎಂದು ಸೇರಿಸಿ ಓದಿ, "ಇದು ನಮ್ಮ ಅಕ್ಕನ ಇನೀಷಿಯಲ್ ಅಲ್ಲ ಸಾರ್, ಪ್ರೆಸ್ಸಿನವರು ತಪ್ಪು ಹಾಕಿದ್ದಾರೆ" ಎಂದನು.

ಬಾನುಲಿಯಲ್ಲಿ ಓದುವವರಿಗೆ ಈ ಭೇದ ದಿನದಿನದ ಪರೀಕ್ಷೆ. ಪತ್ರಿಕೆಯ ಓದುಗನು ತಿಳಿಯದಿದ್ದರೆ ಮೇಲಿನ ಸಾಲಿಗೆ ಹಿಂತಿರುಗಿ ನೋಡುತ್ತಾನೆ; ಕೇಳುವವನಿಗೆ ಹೋದ ಮಾತು ಹೋಯಿತು. ಆದ್ದರಿಂದ ಮೊದಲ ಸಲ ಹೆಸರನ್ನು ಪೂರ್ತಿಯಾಗಿ ಹೇಳಿ, ಆಮೇಲೆ ಬೇಕಾದರೆ ಚಿಕ್ಕದು ಮಾಡುವುದು ಲೇಸು. ಈಚೆಗೆ ಎಲ್ಲೆಲ್ಲಿಯೂ 'ನಿಮ್ಮ ಒಟಿಪಿಯನ್ನು ಯಾರಿಗೂ ಹೇಳಬೇಡಿ' ಎಂದು ಎಚ್ಚರಿಕೆ ಕೊಡುತ್ತಾರೆ. ಒಟಿಪಿ ಎಂದರೆ ಒಂದೇ ಸಲಕ್ಕೆಂದು ಬ್ಯಾಂಕಿನವರು ಮೊಬೈಲಿಗೆ ಕಳಿಸುವ ಗುಪ್ತಸಂಖ್ಯೆ ಎಂದು ತಿಳಿದವನಿಗೆ ಆ ಎಚ್ಚರಿಕೆ ಅಷ್ಟಾಗಿ ಬೇಕಾಗಿಲ್ಲ. ತಿಳಿಯದವನಿಗೆ ಅದು ಮುಟ್ಟುವುದೇ ಇಲ್ಲ. 'ಮೊಬೈಲಿಗೆ ಬಂದ ಗುಟ್ಟಿನ ಅಂಕಿಯನ್ನು ಯಾರು ಕೇಳಿದರೂ ಹೇಳಬೇಡಿ' ಎಂದಿದ್ದರೆ ನಮ್ಮ ತಾಯಿಯವರಿಗೂ ತಿಳಿಯುತ್ತಿತ್ತು.

ಹೆಸರು ಬದಲಾದರೂ ಅಕ್ಷರಗಳು ಬಿಡದೆ ಉಳಿಯುವುದುಂಟು. ಕರ್ನಾಟಕ ವಿದ್ಯುಚ್ಛಕ್ತಿ ಮಂಡಳಿ 1999ರಲ್ಲಿಯೇ ಹೋಯಿತು. 2002ರಿಂದ ನಮ್ಮ ಕಡೆ ವಿದ್ಯುತ್ತು ಹಂಚುವುದು ಬೆಸ್ಕಾಂ. ಆದರೂ ದೀಪ ಹೋದರೆ ಹಿರಿಯರು 'ಕೆಇಬಿಯವರಿಗೆ ಹೇಳಿ' ಎನ್ನುತ್ತಾರೆ. ಕೋಲಾರದ ಚಿನ್ನದ ಗಣಿಗಳು 2001ರಲ್ಲಿ ಮುಚ್ಚಿದವು. ಊರಿನ ಹೆಸರು ಮಾತ್ರ ಕೆ.ಜಿ.ಎಫ್. ಎಂದೇ ನಿಂತಿದೆ.

ಅಕ್ಷರಗಳಿಗಾಗಿ ಎರಡು ರಾಜ್ಯಗಳು ನ್ಯಾಯಾಲಯಕ್ಕೆ ಹೋದದ್ದೂ ಉಂಟು. 1961ರಲ್ಲಿ ನಮ್ಮ ಸರ್ಕಾರಿ ಬಸ್ಸುಗಳದು ಮೈಸೂರು ರಾಜ್ಯ ರಸ್ತೆ ಸಾರಿಗೆ ನಿಗಮವಾಯಿತು. 1973ರ ನವೆಂಬರಿನಲ್ಲಿ ರಾಜ್ಯಕ್ಕೆ ಕರ್ನಾಟಕವೆಂದು ಹೆಸರಾದ ಮೇಲೆ ಎಂ ಹೋಗಿ ಕೆ ಬಂದು, ಕೆ.ಎಸ್.ಆರ್.ಟಿ.ಸಿ. ಆಯಿತು. ಕೇರಳದ ನಿಗಮ 1965ರಿಂದಲೇ ಅದೇ ಅಕ್ಷರಗಳನ್ನು ಬರೆಸಿಕೊಂಡಿತ್ತು. ಈ ಅಕ್ಷರಗಳು ತಮ್ಮ ಸ್ವತ್ತೆಂದು ಅವರು, ಬಳಸುವ ಹಕ್ಕು ತಮಗೂ ಉಂಟೆಂದು ಇವರು. ಕಡೆಗೆ 2023ರ ಡಿಸೆಂಬರಿನಲ್ಲಿ ಮದರಾಸು ಉಚ್ಚ ನ್ಯಾಯಾಲಯವು ಕೇರಳದ ಅರ್ಜಿಯನ್ನು ವಜಾ ಮಾಡಿತು. ಕನ್ನಡದ ಮೇಷ್ಟರಾಗಿ ನನಗೆ ತೋರುವುದಿಷ್ಟು: ಈ ಜಗಳ ಇಂಗ್ಲಿಷ್ ಲಿಪಿಯದು. ಆ ಲಿಪಿಯಲ್ಲಿ ಕರ್ನಾಟಕಕ್ಕೂ ಕೇರಳಕ್ಕೂ ಒಂದೇ ಕೆ. ಕನ್ನಡದಲ್ಲಿ ಬರೆದರೆ ಒಂದು ಕ, ಇನ್ನೊಂದು ಕೇ. ಮಲಯಾಳದಲ್ಲಿ ಬರೆದರೂ ಹಾಗೆಯೇ. ನಮ್ಮ ಬಸ್ಸುಗಳ ಮೇಲಿನ 'ಕ.ರಾ.ರ.ಸಾ.ನಿಗಮ' ಎಂಬುದಕ್ಕೆ ಎದುರು ವಾದಿಸುವವರೇ ಇರಲಿಲ್ಲ.

ಒಂದೇ ಸಂಕ್ಷೇಪ ಹಲವು ಅರ್ಥಗಳನ್ನು ಹೊತ್ತುಕೊಂಡಾಗ ಆಗುವ ತೊಂದರೆ ಇದಕ್ಕಿಂತ ಕೆಟ್ಟದ್ದು. ಟೀಸಿ ಎಂಬ ಎರಡಕ್ಷರವನ್ನೇ ತೆಗೆದುಕೊಳ್ಳಿ. ರೈಲಿನಲ್ಲಿ ಅದು ಟಿಕೆಟ್ಟು ನೋಡುವವನು. ಶಾಲೆಯಲ್ಲಿ ವರ್ಗಾವಣೆ ಪತ್ರ. ಹೊಲದಲ್ಲಿ ಪಂಪ್‌ಸೆಟ್ಟಿಗೆ ವಿದ್ಯುತ್ತು ಕೊಡುವ ಟ್ರಾನ್ಸ್‌ಫಾರ್ಮರು. ನನಗೆ ಈ ಮೂರೂ ಗೊತ್ತಿದ್ದವು. ಗೊತ್ತಿದ್ದೂ ನಾನು ಮಾಡಿದ ಒಂದು ತಪ್ಪನ್ನು ತಮ್ಮ ಮುಂದೆ ಹೇಳಿಬಿಡುತ್ತೇನೆ.

ಕೆಲವು ವರ್ಷಗಳ ಹಿಂದಿನ ಮಾತು. ಜೂನ್ ತಿಂಗಳು, ಎಂಟನೆಯ ತರಗತಿಗೆ ಮಕ್ಕಳನ್ನು ಸೇರಿಸಿಕೊಳ್ಳುವ ಕೆಲಸ ನನ್ನ ಪಾಲಿಗಿತ್ತು. ಹಳ್ಳಿಯ ಹುಡುಗನೊಬ್ಬ ಒಬ್ಬನೇ ಬಂದು ಬಾಗಿಲಲ್ಲಿ ನಿಂತ. ಕೈಯಲ್ಲಿ ಒಂದು ಖಾಲಿ ಚೀಲ. ಸಾಲಿನಲ್ಲಿ ಮೂವತ್ತು ಜನ ಕಾಯುತ್ತಿದ್ದರು. ನಾನು ತಲೆ ಎತ್ತದೆಯೇ, "ಟೀಸಿ ಎಲ್ಲಪ್ಪಾ?" ಎಂದೆ.

"ಸುಟ್ಟೋಗೈತೆ ಸಾರ್."

"ಸುಟ್ಟು ಹೋಯಿತೆ? ಯಾವಾಗ?"

"ವಾರ ಆಯ್ತು ಸಾರ್. ಅದುಕ್ಕೇ ಅಪ್ಪ ಬರ್ನಿಲ್ಲ."

ಮನೆಗೆ ಬೆಂಕಿ ಬಿದ್ದಿರಬೇಕೆಂದು ನಾನು ಮರುಗಿದೆ. ಆದರೆ ನಿಯಮ ನಿಯಮವೇ. ಹಳೆಯ ಶಾಲೆಯಿಂದ ನಕಲು ಪ್ರತಿ ಬೇಕು, ಜೊತೆಗೆ ಪ್ರಮಾಣಪತ್ರ ಮಾಡಿಸಿಕೊಂಡು ತಂದೆಯನ್ನು ಕರೆದುಕೊಂಡು ಬಾ ಎಂದು ಚೀಟಿಯಲ್ಲಿ ಬರೆದುಕೊಟ್ಟು ಕಳಿಸಿದೆ. ಹುಡುಗ ಹೋದವನು ಬರಲಿಲ್ಲ. ತರಗತಿಗಳು ಆರಂಭವಾದವು. ಅವನ ಊರಿನ ಇನ್ನೊಬ್ಬ ಹುಡುಗನನ್ನು ಕೇಳಿದಾಗ, ಅವನು ಟೊಮೇಟೊ ತೋಟದಲ್ಲಿ ಕೂಲಿಗೆ ಹೋಗುತ್ತಿದ್ದಾನೆ, ಮೇಷ್ಟ್ರು ಸೇರಿಸಿಕೊಳ್ಳಲಿಲ್ಲವಂತೆ ಎಂದು ಹೇಳಿದ. ಆ ರಾತ್ರಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ. ಮರುದಿನ ಶಾಲೆ ಬಿಟ್ಟ ಮೇಲೆ ಬಸ್ಸು ಹಿಡಿದು ಆ ಊರಿಗೆ ಹೋಗಿ ಅವನ ತಂದೆಯನ್ನು ಕಂಡೆ. ಮನೆ ಸುಟ್ಟಿರಲಿಲ್ಲ. ಗೋಡೆಗೆ ಹೊಸದಾಗಿ ಸುಣ್ಣ ಬಳಿದಿತ್ತು.

"ಯಜಮಾನರೇ, ಹುಡುಗನ ಹಳೆಯ ಶಾಲೆಯವರು ಕೊಟ್ಟ ಪತ್ರ ಏನಾಯಿತು?" ಎಂದು ಕೇಳಿದೆ.

ಆತ ಒಳಗೆ ಹೋಗಿ ಟ್ರಂಕು ತೆರೆದು, ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಇಟ್ಟ ಕಾಗದವನ್ನು ತಂದು ತೋರಿಸಿದ. ಮೂಲೆ ಕೂಡ ಮಡಚಿರಲಿಲ್ಲ. ತಲೆಯ ಮೇಲೆ ದಪ್ಪಕ್ಷರದಲ್ಲಿ 'ವರ್ಗಾವಣೆ ಪತ್ರ' ಎಂದು ಅಚ್ಚಾಗಿತ್ತು. ಅಷ್ಟನ್ನು ಕನ್ನಡದಲ್ಲಿ ಕೇಳಿದ್ದರೆ ಹುಡುಗನು ಅಂದೇ ಓಡಿಹೋಗಿ ತಂದುಕೊಡುತ್ತಿದ್ದ. ನಾನು ಬರೆದುಕೊಟ್ಟ ಚೀಟಿಯೂ ಅದೇ ಕವರಿನಲ್ಲಿತ್ತು. ಅದರಲ್ಲಿಯೂ ನಾನು 'ಟಿ.ಸಿ.ಯ ನಕಲು ಪ್ರತಿ' ಎಂದೇ ಬರೆದಿದ್ದೆ. ಕರೆಂಟಿನ ಡಬ್ಬಕ್ಕೆ ನಕಲು ಪ್ರತಿ ಎಲ್ಲಿಂದ ತರುವುದೆಂದು ಮನೆಯವರೆಲ್ಲ ಕೂಡಿ ಯೋಚಿಸಿ, ಇದು ತಮ್ಮಿಂದ ಆಗುವ ಕೆಲಸವಲ್ಲವೆಂದು ಕೈಬಿಟ್ಟಿದ್ದರು. ಅಷ್ಟರಲ್ಲಿ ಹುಡುಗನಿಗೆ ಒಂಬತ್ತು ದಿನದ ಪಾಠ ತಪ್ಪಿತ್ತು.

ಅಂದಿನಿಂದ ನಾನು ದಾಖಲಾತಿಯ ಮೇಜಿನ ಮುಂದೆ ಕುಳಿತಾಗ ಆ ಎರಡಕ್ಷರಗಳನ್ನು ಬಾಯಿಗೆ ತಂದಿಲ್ಲ. ಮರುದಿನ ಬೆಳಿಗ್ಗೆ ತಂದೆ ಮಗ ಇಬ್ಬರೂ ಶಾಲೆಗೆ ಬಂದರು. ತಂದೆ ಪ್ಲಾಸ್ಟಿಕ್ ಕವರನ್ನು ಎರಡು ಕೈಯಲ್ಲಿ ಹಿಡಿದು ಮೇಜಿನ ಮೇಲಿಟ್ಟು ಹೇಳಿದ:

"ಹೊಲದ್ ಟೀಸಿ ನೆನ್ನೆ ಸಂಜೆನೇ ಬಂತು ಸಾರ್. ಇಸ್ಕೂಲ್ ಟೀಸಿ ಇದೋ, ಈವತ್ತು ತಂದಿವ್ನಿ."